ರುಖವತಕ್ಕೆ ಹೋದ ಕುರ್ಚಿ

ಕಂಪ್ಯೂಟರ್ ಬಂತು, ಕುರ್ಚಿ ಬರಲಿಲ್ಲ. ಪ್ರಹ್ಲಾದನ ಗೋಳೆಲ್ಲ ಶುರುವಾದದ್ದು ಅಲ್ಲಿಂದ.

ಅವನು ದುಡಿಯುತ್ತಿದ್ದ ಪ್ರೆಸ್ಸಿನ ಮಾಲಕರು ಬಾಡಿಗೆ ಉಳಿಸಲಿಕ್ಕೆಂದು ಒಂದು ಕೋಣೆ ಖಾಲಿ ಮಾಡಿದರು. ಅಲ್ಲಿದ್ದ ಕಂಪ್ಯೂಟರನ್ನು ಶಹಾಬಜಾರದ ಪ್ರಹ್ಲಾದನ ಮನೆಗೇ ಸಾಗಿಸಿ, "ಇನ್ನ ಮ್ಯಾಲ ಮನ್ಯಾಗ ಕೂತು ಟೈಪ್ ಮಾಡ್ರಿ, ರಾಜಾನ್ಹಂಗ" ಎಂದರು. ರಾಜ ಕೂತದ್ದು ಜೋಳದ ಡಬ್ಬಿಯ ಮೇಲೆ. ಹತ್ತನೇ ತರಗತಿಯ ಇತಿಹಾಸ ಗೈಡಿನಲ್ಲಿ ಒಂದು ಯುದ್ಧ ಮುಗಿಯುವಷ್ಟರಲ್ಲಿ ತಾಯಿ ತುಂಗಾಬಾಯಿ ಬಂದು, "ಏಳೋ, ಜ್ವಾಳ ತಗೀಬೇಕು" ಎನ್ನುತ್ತಿದ್ದಳು. ಏಳಲು ಹೋದರೆ ಸೊಂಟ ಏಳುತ್ತಿರಲಿಲ್ಲ.

"ಛಲೋ ಕುರ್ಚಿ ತಗೋರಿ, ಇಲ್ಲಾ ಟೈಪಿಂಗ್ ಬಿಡ್ರಿ" ಎಂದರು ಡಾಕ್ಟರರು. ಬಿಟ್ಟರೆ ಹೊಟ್ಟೆಗೇನು? ಸೋಮವಾರದೊಳಗೆ ಗೈಡು ಮುಗಿಯದಿದ್ದರೆ ಕಂಪ್ಯೂಟರ್ ಬೇರೆಯವರ ಮನೆಗೆ ಹೋಗುತ್ತದೆಂದು ಮಾಲಕರು ಆಗಲೇ ಹೆದರಿಸಿದ್ದರು. ಪ್ರಹ್ಲಾದ ಕಲಬುರಗಿಯ ದೊಡ್ಡ ಅಂಗಡಿಗಳನ್ನೆಲ್ಲ ಸುತ್ತಿದ. ಒಂದು ಕಡೆ ಬೆನ್ನು ಆನಿಸಬಹುದಾದ, ಕೈ ಇಡಲು ಹಿಡಿಕೆ ಇರುವ, ಗರಗರ ತಿರುಗುವ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಆಹಾ! ನೋವು ಹೋಯಿತು. ಅಂಗಡಿಯವ ಬೆಲೆ ಹೇಳಿದ. ಹೋದ ನೋವು ಅಲ್ಲೇ ವಾಪಸ್ಸು ಬಂತು.

ಹೀಗಿರುವಾಗ ಮುಕ್ತಾ ಮಾವಶಿಯ ಮಗಳ ಮದುವೆ ಬಂತು. ತುಂಗಾಬಾಯಿಯ ತಂಗಿ ಮುಕ್ತಾಬಾಯಿ ಅಂದರೆ ಓಣಿಗೆಲ್ಲ ಗೊತ್ತು. ಅವಳು ಪಿಸುಗುಟ್ಟಿದರೆ ಮೂರನೇ ಮನೆಗೆ ಕೇಳಿಸುತ್ತಿತ್ತು. ಬೀಗರ ಊರು ಕಮಲಾಪುರ, ಮದುವೆಯೂ ಅಲ್ಲೇ. ಅಂದು ಬೆಳಿಗ್ಗೆ ಟೆಂಪೊ ಹೆಣ್ಣಿನ ಕಡೆಯವರನ್ನು, ಪಾತ್ರೆ, ಉಂಡಿ, ಚಕ್ಕುಲಿ, ರುಖವತದ ಸಾಮಾನು ಎಲ್ಲವನ್ನೂ ತುಂಬಿಕೊಂಡು ಹೊರಟಿತು. ರುಖವತ ಅಂದರೆ ಗೊತ್ತಲ್ಲ, ಹೆಣ್ಣಿನ ಮನೆಯವರು ತಿಂಡಿಗಳನ್ನೂ ಸಂಸಾರದ ಸಾಮಾನುಗಳನ್ನೂ ಮಂಟಪದಲ್ಲಿ ಸಾಲಾಗಿ ಜೋಡಿಸಿ ಬೀಗರ ಕಣ್ಣು ಕುಕ್ಕಿಸುವ ಪದ್ಧತಿ. ಅದರಲ್ಲಿ ಇಟ್ಟದ್ದೆಲ್ಲ ಮದುಮಗಳ ಜೊತೆ ಗಂಡನ ಮನೆಗೇ ಹೋಗಬೇಕು.

ಹೂವಿನ ಬುಟ್ಟಿ ಏರಿಸಲು ಟೆಂಪೊ ಬಜಾರಿನಲ್ಲಿ ನಿಂತಿತು. ಪ್ರಹ್ಲಾದನ ಕಣ್ಣು ಎದುರಿನ ಬಂದೇನವಾಜನ ಹಳೇ ಸಾಮಾನಿನ ಅಂಗಡಿಯ ಮೇಲೆ ಬಿತ್ತು. ಅಯ್ಯೋ ದೇವರೇ, ಕುರ್ಚಿ! ಕರೀ ಕುರ್ಚಿ, ಎತ್ತರದ ಬೆನ್ನು, ಗಾಲಿ, ಸೊಂಟದ ಹತ್ತಿರ ಮೆತ್ತನೆಯ ಉಬ್ಬು! ಪ್ರಹ್ಲಾದ ಟೆಂಪೊದಿಂದ ಹಾರಿಯೇಬಿಟ್ಟ.

"ಕೂತು ನೋಡ್ರಿ ಸಾಬ್" ಎಂದ ಬಂದೇನವಾಜ್. "ಒಬ್ಬ ಕಂಪ್ಯೂಟರ್ ಸಾಹೇಬರದು. ಹೋದ ವಾರ ಕೊಟ್ಟು ಹೋಗ್ಯಾರ. ಬಿಲ್ಕುಲ್ ನಯಾ."

ಪ್ರಹ್ಲಾದ ಕೂತ. ಯಾರೋ ಸೊಂಟಕ್ಕೆ ಬೆಚ್ಚಗೆ ಕೈ ಕೊಟ್ಟಂತಾಯಿತು. ಬೆಲೆಯೂ ಅವನ ಜೇಬಿನ ಅಳತೆಯದೇ. "ಇಷ್ಟು ಛಲೋ ಕುರ್ಚಿ ಯಾಕ ಮಾರಿದ್ರಪಾ?" ಎಂದು ಕೇಳಿದ. ಬಂದೇನವಾಜ್ ಬಾಯಿ ತೆರೆದ. ಅಷ್ಟರಲ್ಲಿ ಟೆಂಪೊ ಹಾರ್ನ್ ಹೊಡೆಯಿತು, ಒಳಗಿಂದ ಮಾವಶಿಯ ಕೂಗು ಹಾರ್ನನ್ನೂ ಮೀರಿಸಿತು: "ಪ್ರಲ್ಲ್ಯಾ! ಮುಹೂರ್ತ ನಿನ್ನ ಸಲುವಾಗಿ ನಿಲ್ತದೇನೋ?" ಅವನು ಹಣ ಕೊಟ್ಟು, ಕುರ್ಚಿಯನ್ನು ಟೆಂಪೊಗೆ ಏರಿಸಿದ. ಮದುವೆ ಮುಗಿಸಿಕೊಂಡು ಅದೇ ಟೆಂಪೊದಲ್ಲಿ ಮನೆಗೆ ಒಯ್ದರಾಯಿತು ಎಂದುಕೊಂಡ. ದಾರಿಯುದ್ದಕ್ಕೂ ಅವನಿಗೆ ನಿಂತಲ್ಲಿ ನಿಲ್ಲಲಾಗದಷ್ಟು ಖುಷಿ.

ಕಮಲಾಪುರದಲ್ಲಿ ಇಳಿದ ಕೂಡಲೇ ಅವನನ್ನು ನೀರು ತುಂಬಿಸಲು ಓಡಿಸಿದರು. ತುಂಬಿಸಿ ಬಂದು ನೋಡುತ್ತಾನೆ, ಮಂಟಪದ ಬದಿಯಲ್ಲಿ ರುಖವತ ಜೋಡಿಸಿಯಾಗಿದೆ. ನಟ್ಟನಡುವೆ ಅವನ ಕುರ್ಚಿ! ಬೆನ್ನಿಗೆ ಮಲ್ಲಿಗೆ ಮಾಲೆ, ಹಿಡಿಕೆಗಳಿಗೆ ಅರಿಶಿನ ಕುಂಕುಮ, ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ.

"ಮಾವಶಿ, ಅದು ನಂದು!"

"ಬಾಯಿ ಮುಚ್ಚು!" ಮಾವಶಿ ಜೀವಮಾನದಲ್ಲಿ ಮೊದಲ ಸಲ ನಿಜವಾಗಿಯೂ ಪಿಸುಗುಟ್ಟಿದಳು. "ಹೆಂಗಸ್ರು ಟೆಂಪೊದಾಗಿಂದು ಎಲ್ಲಾ ಇಳಿಸಿ ಇಟ್ಟುಬಿಟ್ಟಾರ. ಬೀಗತಿ ನೋಡಿ, 'ಕುರ್ಚಿ ಭಾರಿ ಅದ, ನಮ್ಮ ವಿಠ್ಠಲ ಕಂಪ್ಯೂಟರ್ ಕೆಲಸದಾಂವ ಅಂತ ನೆನಪಿಟ್ಟು ಕೊಟ್ಟೀರಿ' ಅಂದ್ಲು. ಈಗ ನಮ್ದಲ್ಲ ಅಂತ ಹ್ಯಾಂಗ ಹೇಳ್ಲೋ? ಮರ್ಯಾದಿ ಉಳೀತದೇನು?"

"ನನ್ನ ಸೊಂಟ?"

"ಸೊಂಟ ನಾಳೆ ನೋಡೋಣು!"

ನಾಳೆಯ ನಂತರ ಸೋಮವಾರ. ಪ್ರಹ್ಲಾದ ದಿಕ್ಕು ತೋಚದೆ ಮದುಮಗನ ಕಡೆ ನೋಡಿದ. ವಿಠ್ಠಲ ಹಸೆಯ ಮೇಲೆ ನಿಂತು ಮದುಮಗಳನ್ನು ಬಿಟ್ಟು ಕುರ್ಚಿಯನ್ನೇ ನೋಡುತ್ತಿದ್ದ. ಪುರೋಹಿತರು ಮುಖ ಹಿಡಿದು ತಮ್ಮ ಕಡೆ ತಿರುಗಿಸಿದರೂ ಅವನ ಕಣ್ಣು ಮತ್ತೆ ಅಲ್ಲಿಗೇ. 'ಕಣ್ಣು ಬಿತ್ತು, ಇನ್ನು ಬಿಡುವವನಲ್ಲ' ಎಂದು ಪ್ರಹ್ಲಾದನ ಹೊಟ್ಟೆ ಉರಿಯಿತು.

ಮಂಗಳಾಷ್ಟಕ ಶುರುವಾಯಿತು. ಎಲ್ಲರೂ ಅಕ್ಷತೆ ಹಿಡಿದು ವಧೂವರರ ನಡುವೆ ಹಿಡಿದ ಅಂತರಪಟದ ಕಡೆ ನೋಡುತ್ತಿರುವಾಗ, ಪ್ರಹ್ಲಾದ ಬಾಳೆಗೊನೆ ಕೆಳಗಿಟ್ಟು ಕುರ್ಚಿಯನ್ನು ಮೆಲ್ಲಗೆ ಬಾಗಿಲ ಕಡೆ ತಳ್ಳಿದ. ಗಾಲಿ ಕುಂಯ್ಯೆಂದಿತು. ನಿಂತ. ತಳ್ಳಿದ. ಮತ್ತೆ ಕುಂಯ್! ವಾದ್ಯದವರು ಅದೇ ಕ್ಷಣ ಉಸಿರು ತೆಗೆದುಕೊಳ್ಳಲು ನಿಲ್ಲಿಸಬೇಕೇ? ಇಡೀ ಮಂಟಪ ತಿರುಗಿ ನೋಡಿತು. ಅರ್ಧ ಅಕ್ಷತೆ ಅವನ ಮೇಲೇ ಬಿತ್ತು.

"ಎಲ್ಲಿಗೆ ಒಯ್ಲಿಕತ್ತೀರಿ?" ಎಂದರು ವಿಠ್ಠಲನ ತಾಯಿ ಪಾರ್ವತೀಬಾಯಿ.

"ಅದು... ಮದುಮಗ ನಿಂತು ದಣದಾರ. ಕೂಡ್ಲಿ ಅಂತ..."

"ನೋಡ್ರಿ, ಎಷ್ಟು ಕಾಳಜಿ!" ಪಾರ್ವತೀಬಾಯಿ ಕರಗಿಹೋದರು. ತಾಳಿ ಕಟ್ಟಿದ್ದೇ ತಡ, ವಿಠ್ಠಲನನ್ನು ಹಿಡಿದು ಅದೇ ಕುರ್ಚಿಯಲ್ಲಿ ಕೂಡಿಸಿ ಆರತಿ ಮಾಡಿದರು. ಅವನು "ಬ್ಯಾಡ ಅವ್ವಾ, ನೆಲದ ಮ್ಯಾಲೇ ಕೂಡ್ತೀನಿ" ಎಂದು ಕೈ ಮುಗಿದರೂ ಕೇಳಲಿಲ್ಲ. ವಿಠ್ಠಲ ತುದಿಯಲ್ಲಿ ಅರ್ಧ ಕೂತು ಬೆವರಿದ. ತನ್ನ ಕುರ್ಚಿಗೆ ತನ್ನ ಕಣ್ಣೆದುರೇ ಇನ್ನೊಬ್ಬನ ಜೊತೆ ಆರತಿಯಾದದ್ದು ನೋಡಿ ಪ್ರಹ್ಲಾದನಿಗೆ ಅಳುವೇ ಬಂತು.

ಇನ್ನು ಮುಚ್ಚಿಟ್ಟು ಫಲವಿಲ್ಲ. ಊಟಕ್ಕೆ ಏಳುವ ಗಡಿಬಿಡಿಯಲ್ಲಿ ಅವನು ವಿಠ್ಠಲನ ಕಿವಿಯ ಹತ್ತಿರ ಬಗ್ಗಿ ಒಂದೇ ಉಸಿರಿಗೆ ಹೇಳಿದ: "ಸಿಟ್ಟಾಗಬ್ಯಾಡ್ರಿ. ಈ ಕುರ್ಚಿ ರುಖವತದ್ದಲ್ಲ, ನಂದು. ಮುಂಜಾನೆ ಬಂದೇನವಾಜನ ಹತ್ರ ತಗೊಂಡೀನಿ. ತಪ್ಪಿ ಇಲ್ಲಿ ಬಂದದ."

ವಿಠ್ಠಲ ಚಂಗನೆ ಎದ್ದ. "ನಿಮ್ದ? ಖರೇನ ನಿಮ್ದ? ದೇವರು ಬಂದ್ಹಂಗ ಬಂದ್ರಿ!" ಎಂದು ಪ್ರಹ್ಲಾದನನ್ನು ತಬ್ಬಿಕೊಂಡ. ಬಾಸಿಂಗ ಓರೆಯಾಯಿತು. ಆಮೇಲೆ ಎಲ್ಲರಿಗೂ ಕೇಳುವಂತೆ, "ಈ ಕುರ್ಚಿ ಪ್ರಹ್ಲಾದರಾಯರಿಗೆ ಬೇಕಾಗ್ಯದ. ನಾ ಸಂತೋಷದಿಂದ ಕೊಡ್ಲಿಕತ್ತೀನಿ!" ಎಂದು ಸಾರಿದ.

ಮಂಟಪ ಚಪ್ಪಾಳೆ ತಟ್ಟಿತು. ಪಾರ್ವತೀಬಾಯಿ ಮಗನ ದೊಡ್ಡ ಮನಸ್ಸಿಗೆ ಕಣ್ಣೊರೆಸಿಕೊಂಡರು. ಮಾವಶಿ, "ಎಂಥಾ ಅಳಿಯ ಸಿಕ್ಕಾನವ್ವಾ!" ಎಂದು ಸುತ್ತಲಿನವರಿಗೆಲ್ಲ ಕೂಗಿ ಹೇಳಿದಳು. ಮರ್ಯಾದೆ ಉಳಿಯಿತು, ಕುರ್ಚಿ ಉಳಿಯಿತು, ಗೈಡು ಉಳಿಯಿತು! ಪ್ರಹ್ಲಾದನಿಗೆ ಕುಣಿಯಬೇಕೆನಿಸಿತು. ಮಲ್ಲಿಗೆ ಮಾಲೆ ಸಮೇತ ಕುರ್ಚಿಯನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಎತ್ತಿಬಿಟ್ಟ.

"ನಿಮ್ಮಂಥ ಉದಾರ ಮನುಷ್ಯರನ್ನ ನಾ ನೋಡೇ ಇಲ್ರಿ" ಎಂದ ಕುರ್ಚಿಯ ಮರೆಯಿಂದ ಇಣುಕಿ.

ವಿಠ್ಠಲ ಆಚೀಚೆ ನೋಡಿ ದನಿ ತಗ್ಗಿಸಿದ. "ಉದಾರ ಎಲ್ಲೀದ್ರಿ? ಬಂದೇನವಾಜಗ ಹೋದ ವಾರ ಇದನ್ನ ಮಾರಿದಾಂವ ನಾನೇ. ಆ ಉಬ್ಬು ನೋಡ್ರಿ, ಮೊದಲ ಹತ್ತು ನಿಮಿಷ ಸ್ವರ್ಗ. ಆಮ್ಯಾಲ ಒಳಗಿನ ಕಬ್ಬಿಣ ಹೊರಗ ಬಂದು ಒತ್ತತದ. ಮದುವಿ ದಿನ ನೆಟ್ಟಗ ನಿಂದ್ರಬೇಕಂತ ಸೊಂಟಕ್ಕ ಸೂಜಿ ಚುಚ್ಚಿಸಿಕೊಂಡು ಬಂದೀನಿ. ಇಲ್ಲಿ ನೋಡಿದ್ರ, ಹಾರ ಹಾಕ್ಕೊಂಡು ನನಗಿಂತ ಮೊದಲು ಮಂಟಪಕ್ಕ ಬಂದು ಕೂತದ!"

ಪ್ರಹ್ಲಾದ ಕುರ್ಚಿಯನ್ನು ಕೆಳಗಿಡಬೇಕೆಂದು ಬಗ್ಗಿದ. ಸೊಂಟದಲ್ಲಿ ಚಳಕ್ಕೆಂದಿತು. ಅರ್ಧ ಬಗ್ಗಿದವನು ಮೇಲೂ ಏಳಲಿಲ್ಲ, ಕೆಳಗೂ ಹೋಗಲಿಲ್ಲ.

"ಅಯ್ಯಯ್ಯ, ಸೊಂಟ ಹಿಡೀತು!" ತುಂಗಾಬಾಯಿ ಓಡಿ ಬಂದಳು. "ಕೂಡಸ್ರೋ ಅವನ್ನ!"

"ಬ್ಯಾಡ! ನೆಲದ ಮ್ಯಾಲ... ನೆಲದ ಮ್ಯಾಲ..." ಎಂದು ಪ್ರಹ್ಲಾದ ಒದರಿದ.

"ಹುಚ್ಚಾ, ಕೈಯಾಗ ಅಂಥಾ ಕುರ್ಚಿ ಇಟ್ಟುಕೊಂಡು ನೆಲ ಯಾಕೋ!" ಎಂದಳು ಮಾವಶಿ. ಇಬ್ಬರು ಕುರ್ಚಿ ಕಸಿದು ಹಿಂದಿಟ್ಟರು, ಮೂವರು ಭುಜ ಹಿಡಿದು ಒತ್ತಿದರು. "ಹತ್ತು ನಿಮಿಷ ಕೂಡ್ಲಿ" ಎಂದರು ಯಾರೋ. ಬೀಗರು ತಾವೇ ನಿಂತು, "ಹತ್ತು ನಿಮಿಷ ಅಲ್ಲ, ಊಟ ಮುಗಿಯೂತನಕ ಏಳಗೊಡಬ್ಯಾಡ್ರಿ" ಎಂದು ಅಪ್ಪಣೆ ಮಾಡಿದರು.

ವಿಠ್ಠಲ ಒಬ್ಬನೇ ಕನಿಕರದಿಂದ ಹತ್ತಿರ ಬಂದು ಅವನ ಕೈ ಒತ್ತಿದ.

"ಇಂಜೆಕ್ಷನ್ ಭಾಳ ನೋಯೂದಿಲ್ರಿ" ಎಂದ.