ಖಾಲಿ ಜಾಗದ ಬದನೆಕಾಯಿ

ಅದೊಂದು ಬುಧವಾರ. ಮೊದಲ ಪಿರಿಯಡ್‌ನಲ್ಲಿ ನಾನು ಮಕ್ಕಳ ಹಾಜರಿ ಕರೆಯುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಹೆಂಡತಿ ತೀರಿಕೊಂಡಿದ್ದಳು. ಅಲ್ಲಿಯವರೆಗೆ ಹೊಸಪೇಟೆಯ ನಮ್ಮ ಮನೆಯಲ್ಲಿ ವಾರಕ್ಕೊಂದಾದರೂ ನಗೆ ಪ್ರಸಂಗ ನಡೆಯುತ್ತಿತ್ತು. ಅದಕ್ಕೆ ಕಾರಣ ಅವಳ ಕೆಲಸ. ಅವಳು ವಿದ್ಯುತ್ ಎಂಜಿನಿಯರ್. ಹತ್ತು ವರ್ಷದ ನಂತರ ಎಲ್ಲಿ ಎಷ್ಟು ಕರೆಂಟ್ ಬೇಕಾದೀತು, ಅದನ್ನು ಯಾರು ಉತ್ಪಾದಿಸಿಯಾರು, ಲೈನ್ ಎಲ್ಲಿ ಎಳೆಯಬೇಕು ಎಂದು ಇವತ್ತೇ ಲೆಕ್ಕ ಹಾಕುವವಳು.

೧. ಒಂದು ಮೆಗಾವಾಟ್ ಜಾಸ್ತಿ

ಸಂಡೂರು ರಸ್ತೆಯಲ್ಲಿ ಎದುರುಬದುರು ಎರಡು ಕಾರ್ಖಾನೆ, ಇಬ್ಬರು ಪೈಪೋಟಿಯ ಮಾಲೀಕರು. ಮುಂದೆ ಎಷ್ಟು ಕರೆಂಟ್ ಬೇಕೆಂದು ಇವಳು ಮೊದಲನೆಯವರನ್ನು ಕೇಳಿದಳು.

“ಎದುರಿನವ್ರು ಎಷ್ಟು ಕೇಳ್ಯಾರ್ರಿ, ಮೇಡಂ?”

“ಅದನ್ನ ಹೇಳಂಗಿಲ್ರಿ.”

“ಹಂಗಾದ್ರ ಅವ್ರು ಎಷ್ಟರ ಕೇಳಿರ್ಲಿ, ನಮಗ ಒಂದು ಮೆಗಾವಾಟ್ ಜಾಸ್ತಿ ಬರ್ಕೊಳ್ರಿ.”

ಎರಡನೆಯವರೂ ಅದನ್ನೇ ಹೇಳಿದರು.

“ರೀ, ಗಣಿತದ ಮೇಷ್ಟ್ರು ನೀವು, ಬಿಡಿಸ್ರಿ,” ಎಂದಳು. ಇದಕ್ಕೆ ಉತ್ತರವಿಲ್ಲ ಎಂದೆ.

“ಹಂಗಂತ ವರದಿಯಾಗ ಬರೀಲೇನು?”

ಕೊನೆಗೆ ಎರಡೂ ಕಾರ್ಖಾನೆಯ ಕ್ಯಾಂಟೀನಿಗೆ ಹೋಗಿ, ಬರುವ ವರ್ಷ ಎಷ್ಟು ಹೊಸ ತಟ್ಟೆ ತರಿಸುತ್ತೀರಿ ಎಂದು ಕೇಳಿ ಬಂದಳು. ತಟ್ಟೆ ಹೆಚ್ಚಿದಷ್ಟು ಕೆಲಸಗಾರರು, ಕೆಲಸಗಾರರು ಹೆಚ್ಚಿದಷ್ಟು ಕರೆಂಟ್. ಅಡುಗೆಯವರಿಗೆ ಪೈಪೋಟಿ ಇರಲಿಲ್ಲ.

೨. ಹನ್ನೆರಡನೆಯವರು

ಕಂಪ್ಲಿಯ ನಮ್ಮ ಅಕ್ಕ “ನಾಳೆ ಬರ್ತೀವಿ” ಎಂದರೆ ಎಷ್ಟು ಜನ ಎಂದು ಹೇಳುವವಳಲ್ಲ. ಇವಳು ಮೂರು ಲೆಕ್ಕ ಹಾಕಿದಳು: ಕಡಿಮೆ ಅಂದರೆ ನಾಲ್ಕು, ಬಹುಶಃ ಏಳು, ಹೆಚ್ಚೆಂದರೆ ಹನ್ನೊಂದು. ನಮ್ಮಿಬ್ಬರನ್ನು ಬಿಟ್ಟು ಹನ್ನೊಂದು ಜನಕ್ಕೆ ಅಡುಗೆಯಾಯಿತು. ಹನ್ನೊಂದೇ ಜನ ಬಂದರು. ನಾನು ಹೆಮ್ಮೆಯಿಂದ ನೋಡುತ್ತಿದ್ದಾಗ ಅವರನ್ನು ಕರೆತಂದ ಜೀಪಿನ ಡ್ರೈವರ್ ಕೈ ತೊಳೆದುಕೊಂಡು ಒಳಗೆ ಬಂದರು.

“ನೀನೂ ಕುಂದ್ರವ್ವ,” ಎಂದಳು ಅಕ್ಕ ಇವಳಿಗೆ.

“ನಂದು ಸೋಮವಾರದ ಉಪವಾಸ ಐತ್ರಿ, ಅಕ್ಕಾರ.”

ಅಂದು ಗುರುವಾರ.

೩. ಕಾಯಿ ಬಿಡುವ ಟ್ರಾನ್ಸ್‌ಫಾರ್ಮರ್

ಅಂದಿನಿಂದ ಯಾವ ಲೆಕ್ಕಕ್ಕೂ ಒಂದು ಹೆಚ್ಚು ಸೇರಿಸತೊಡಗಿದಳು. ಗಾದಿಗನೂರು ಕಡೆಯ ಸಬ್‌ಸ್ಟೇಷನ್ನಿನ ನಕ್ಷೆಯಲ್ಲೂ ಇನ್ನೊಂದು ಟ್ರಾನ್ಸ್‌ಫಾರ್ಮರಿಗೆ ಜಾಗ ಬಿಟ್ಟಳು. ವರ್ಷಗಳು ಕಳೆದರೂ ಅದು ಖಾಲಿ. ವಯಸ್ಸಾದ ವಾಚ್‌ಮನ್ ಅಲ್ಲಿ ಬದನೆ ಹಾಕಿ, ಆಗಾಗ ಮನೆಗೆ ಬುಟ್ಟಿ ತಂದುಕೊಡುತ್ತಿದ್ದರು.

ಮೀಟಿಂಗಿನಲ್ಲಿ ಸಾಹೇಬರು, “ಮೇಡಂ, ನಿಮ್ಮ ಟ್ರಾನ್ಸ್‌ಫಾರ್ಮರ್ ಈ ಸಲ ಎಷ್ಟು ಕಾಯಿ ಬಿಡ್ತು?” ಎಂದರೆ ಎಲ್ಲರೂ ನಗುತ್ತಿದ್ದರು. ಇವಳೂ ನಗುತ್ತಿದ್ದಳು. ಮನೆಗೆ ಬಂದು ಮಾತ್ರ, “ಆ ಜಾಗ ತುಂಬಲಿಲ್ಲಂದ್ರ ನನ್ನ ಲೆಕ್ಕನ ತಪ್ಪು ಅಂತಾತು, ರೀ,” ಎನ್ನುತ್ತಿದ್ದಳು. ಆದರೂ ನಕ್ಷೆಯಲ್ಲಿ ಒಂದು ಗೆರೆಯನ್ನೂ ಬದಲಿಸಲಿಲ್ಲ.

ಮೊನ್ನೆ ವಾಚ್‌ಮನ್ ಬುಟ್ಟಿ ಹಿಡಿದು ಬಂದರು. ಮುಖ ಊದಿಸಿಕೊಂಡಿದ್ದರು.

“ಇದ ಕಡೀದ್ರಿ, ಸರ್. ಗಿಡ ಎಲ್ಲಾ ಕಿತ್ಸಿದ್ರು. ನಾಳೆ ಟ್ರಾನ್ಸ್‌ಫಾರ್ಮರ್ ಬರ್ತೈತಿ. ಅಳತಿ ಹಿಡದು ನೋಡೀನ್ರಿ, ಮೇಡಮ್ಮಾರು ಭಾಳ ಬರೋಬ್ಬರಿ ಲೆಕ್ಕ ಹಾಕ್ಯಾರ. ಮೂಲ್ಯಾಗ ಒಂದು ಗಿಡಕ್ಕರ ಜಾಗ ಬಿಡಬಾರದೇನ್ರಿ?”

ಎಣಿಸಿದೆ. ಬುಟ್ಟಿಯಲ್ಲಿ ಹನ್ನೆರಡು ಬದನೆಕಾಯಿ ಇದ್ದವು, ಹನ್ನೊಂದಕ್ಕೆ ಒಂದು ಹೆಚ್ಚು.