ತಟ್ಟೆ ಎತ್ತಿ ನೋಡುವ ಕಾಕಾ

ಸಿಗಡಿಗಳಿಗೆ ಸಸ್ಯಾಹಾರದ ದೀಕ್ಷೆ ಕೊಡಲು ಹೊರಟ ಜಗತ್ತಿನ ಏಕೈಕ ಮನುಷ್ಯ ನಮ್ಮ ಕಾಕಾ. ಇದನ್ನು ಎದೆ ತಟ್ಟಿ ಹೇಳುತ್ತೇನೆ. ಅನುಮಾನವಿದ್ದವರು ದೇಸೂರ ದಾಟಿ ಖಾನಾಪುರದ ದಾರಿಯಲ್ಲಿ ಯಾರನ್ನಾದರೂ ‘ಪಾಚಿ ಕಾಕಾನ ಹೊಂಡ ಎಲ್ಲಿ’ ಎಂದು ಕೇಳಿ. ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲಿ ಕೇಳಿದರೂ, ದಾರಿ ತೋರಿಸುವ ಮೊದಲು ಅವರು ನಗುತ್ತಾರೆ.

ನಮ್ಮದು ಬೆಳಗಾವಿಯ ಅಪ್ಪಟ ಲಿಂಗಾಯತ ಮನೆ. ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರ್ ಕೂಡ ಒಳಗೆ ಬಂದದ್ದಿಲ್ಲ. ಅಂಥ ಮನೆಯ ಯಜಮಾನರು ನಿವೃತ್ತರಾದ ಮೇಲೆ ಹೊಲದ ಹೊಂಡದಲ್ಲಿ ಸಿಗಡಿ ಸಾಕುತ್ತೇನೆಂದರೆ ಅವರ ಹೆಂಡತಿ, ನಮ್ಮ ಕಾಕುಗೆ ಏನಾಗಬೇಡ?

“ತಿನ್ನೂದಿಲ್ಲಂದ್ರ ಸಾಕೂದ್ಯಾಕ್ರಿ?”

“ಬಳಿಗಾರ ತಾನ ಬಳಿ ಹಾಕ್ಕೋತಾನೇನ?”

ಕಾಕು ಒಪ್ಪಿದರು, ಒಂದು ಷರತ್ತಿನ ಮೇಲೆ. ಮೀನಿನ ವಾಸನೆ ಹೊಸ್ತಿಲು ದಾಟಬಾರದು. ಆದರೆ ಅಂಗಡಿಯ ಸಿಗಡಿ ಮೇವಿನಲ್ಲಿ ಮೀನಿನ ಪುಡಿ ಇದ್ದೇ ಇರುತ್ತದಲ್ಲ? ಅಷ್ಟರಲ್ಲಿ ತರಬೇತಿಯೊಂದರಲ್ಲಿ ಯಾರೋ, ಮೇವಿಗೆ ಸ್ವಲ್ಪ ಪಾಚಿ ಬೆರೆಸಿದರೆ ಸಿಗಡಿ ಚೆನ್ನಾಗಿ ಬೆಳೆಯುತ್ತವೆ, ರೋಗ ತಡೆಯುವ ಶಕ್ತಿಯೂ ಬರುತ್ತದೆ ಎಂದರು. ಕಾಕಾ ಎಲ್ಲವನ್ನೂ ಕೇಳಿಸಿಕೊಂಡರು, ‘ಸ್ವಲ್ಪ’ ಒಂದನ್ನು ಬಿಟ್ಟು!

ಮಾಳಿಗೆಯ ಮೇಲೆ ಟಬ್ಬುಗಳಲ್ಲಿ ಪಾಚಿ ಬೆಳೆಯಿತು, ಒಣಗಿತು, ಪುಡಿಯಾಯಿತು. ಮೀನಿನ ಪುಡಿಗೆ ಪೂರ್ತಿ ಕತ್ತರಿ. “ನಮ್ಮ ಸಿಗಡಿ ಈಗ ಶುದ್ಧ ಶಾಕಾಹಾರಿ” ಎಂದು ಕಾಕಾ ಓಣಿಗೆಲ್ಲ ಸಾರಿದರು. ಸಿಗಡಿಗಳು ಏನು ಮಾಡಿದವು ಗೊತ್ತೇ? ಚಿಪ್ಪು ಕಳಚಿ ಮೆತ್ತಗೆ ಬಿದ್ದಿದ್ದ ಬಾಜೂದವರನ್ನೇ ತಿನ್ನತೊಡಗಿದವು. ದೀಕ್ಷೆ ಕೊಟ್ಟ ಗುರುಗಳು ದಂಡೆಯ ಮೇಲೆ ಕುಳಿತು ಕಣ್ಣಾರೆ ಕಂಡರು.

ಮೀನಿನ ಪುಡಿ ವಾಪಸು ಬಂತು, ಹೊಂಡದ ಬಳಿಯ ಶೆಡ್ಡಿನವರೆಗೆ ಮಾತ್ರ. ಕಾಕಾ ಮೂಗಿಗೆ ಟವೆಲ್ ಕಟ್ಟಿಕೊಂಡು ಅದನ್ನು ಕಲಸಿ, ಪಾಚಿಯನ್ನು ಹೇಳಿದಷ್ಟೇ ಬೆರೆಸಿದರು. ಆಗ ಸಿಗಡಿ ಬೆಳೆದವು ನೋಡಿ! ಮಳೆಗಾಲದಲ್ಲಿ ಬೇರೆಯವರ ಹೊಂಡಗಳು ಮಂಕಾದಾಗಲೂ ಇವು ಟಣ್ಣನೆ ಜಿಗಿಯುತ್ತಿದ್ದವು.

ಪಾಚಿಪುಡಿಯ ಡಬ್ಬಿ ಅಡುಗೆಮನೆಯಲ್ಲಿ ಅಗಸಿ ಚಟ್ನಿ, ಗುರೆಳ್ಳು ಚಟ್ನಿಗಳ ಸಾಲಿನಲ್ಲೇ ಇರುತ್ತಿತ್ತು. ಒಮ್ಮೆ ಸಾಂಬ್ರಾದ ಬೀಗರು ಊಟಕ್ಕೆ ಬಂದಾಗ ಕಾಕು ಅವಸರದಲ್ಲಿ ಅದನ್ನೇ ಬಡಿಸಿಬಿಟ್ಟರು. ಬೀಗರು ಎಣ್ಣೆ ಕಲಸಿಕೊಂಡು, ರೊಟ್ಟಿಗೆ ಹಚ್ಚಿ ತಿಂದು, “ಇದ್ಯಾವ ಚಟ್ನಿರಿ, ಹೊಸಾದು?” ಎಂದರು. ಕಾಕಾ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಹೇಳಿದರು: “ತಿನ್ರಿ, ತಿನ್ರಿ. ಚಿಪ್ಪ ಗಟ್ಟಿ ಆಗತೈತಿ.”

ಹೊಂಡದಿಂದ ಕಾಕಾ ಮನೆಗೆ ತಂದ ಇನ್ನೊಂದು ಚಾಳಿ ತಟ್ಟೆಯದು. ನೀರಿನೊಳಗೆ ಸಿಗಡಿ ತಿಂದವೋ ಬಿಟ್ಟವೋ ಕಾಣುವುದಿಲ್ಲ. ಅದಕ್ಕೇ ಬಲೆಯ ತಟ್ಟೆಯೊಂದರಲ್ಲಿ ಮೇವಿಟ್ಟು, ಹಗ್ಗ ಕಟ್ಟಿ ಇಳಿಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎತ್ತಿ ನೋಡುತ್ತಾರೆ. ಖಾಲಿ ಇದ್ದರೆ ಎಲ್ಲ ಕ್ಷೇಮ, ಮೇವು ಉಳಿದಿದ್ದರೆ ಏನೋ ಕೆಟ್ಟಿದೆ. ಕಾಕಾ ನಮ್ಮೆಲ್ಲರ ತಟ್ಟೆಗಳನ್ನೂ ಹಾಗೇ ತಪಾಸಣೆ ಮಾಡುತ್ತಿದ್ದರು. ನಾನು ಬದನೆಕಾಯಿ ಬಿಟ್ಟ ದಿನ, “ಯಾಕೋ, ನೀರ ಬದಲಿ ಮಾಡಬೇಕೇನ?” ಎಂದು ಕೇಳಿದ್ದರು.

ಈ ವರ್ಷ ಕಾಕು ಕಾಯಿಲೆ ಬಿದ್ದರು. ನೆಹರು ನಗರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಯಿತು. ಔಷಧ ಬಲು ಜೋರಿನದು, ಹೊಟ್ಟೆಗೆ ಊಟ ಹೋಗದಿದ್ದರೆ ಮೈ ತಡೆಯುವುದಿಲ್ಲ, ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದೆ ಎಂದರು ಡಾಕ್ಟರು. ಕಾಕಾ ಅಂಜುತ್ತಲೇ ಕೇಳಿದರು, “ಸಿಗಡಿಗೆ ಪಾಚಿ ಛಲೋ ಹಿಡದೈತ್ರಿ. ಇಕಿಗೂ ಒಂದೀಟು…”

“ಅದು ಸಿಗಡಿಗೇ ಇರ್ಲಿರಿ. ಇವರ ಬಾಯಿಗೆ ರುಚಿಸಿದ್ದು ಕೊಡ್ರಿ.”

ಕಾಕು ಯಾರು ಕೇಳಿದರೂ “ಊಟ ಆತು” ಅನ್ನುತ್ತಿದ್ದರು. ನಾವೆಲ್ಲ ನಂಬಿದೆವು. ಕಾಕಾ ಮಾತ್ರ ಏನೂ ಕೇಳುತ್ತಿರಲಿಲ್ಲ. ಕಾಕು ಗೋಡೆಯ ಕಡೆ ಹೊರಳಿದ ಮೇಲೆ ಮೆಲ್ಲಗೆ ತಟ್ಟೆ ಎತ್ತಿ ನೋಡುತ್ತಿದ್ದರು. ರೊಟ್ಟಿಯ ಚೂರಿನ ಕೆಳಗೆ ಮುಚ್ಚಿಟ್ಟ ಪಲ್ಯ ಹಾಗೇ ಇರುತ್ತಿತ್ತು. ಮರುದಿನ ಬೇರೆ ಏನಾದರೂ ಮಾಡುತ್ತಿದ್ದರು: ಒಮ್ಮೆ ನುಚ್ಚು ಮಜ್ಜಿಗೆ, ಒಮ್ಮೆ ಹೆಸರುಬೇಳೆ ಕಟ್ಟು. ಜನ್ಮದಲ್ಲಿ ಒಲೆ ಹಚ್ಚದವರು ಜೋಳದ ರೊಟ್ಟಿ ಬಡಿಯಲು ಕಲಿತರು. ಹೊಂಡದ ಕೆಲಸ ನನ್ನ ಹೆಗಲಿಗೆ ಬಂತು.

ಈ ಸಲದ ಫಸಲು ಹಿಡಿಯುವ ದಿನವೂ ಕಾಕಾ ಬರಲಿಲ್ಲ. ಬಲೆ ದಂಡೆಗೆ ಬಂದಾಗ ನನಗೆ ತಡೆಯಲಾಗಲಿಲ್ಲ, ಫೋನ್ ಮಾಡಿದೆ.

“ಕಾಕಾ, ಬಲಿ ತುಂಬ ಬಂದಾವ್ರಿ. ಒಂದೊಂದೂ ಅಂಗೈ ಅಗಲ.”

ಆ ಕಡೆ ತಟ್ಟೆ ಕೆಳಗಿಟ್ಟ ಸದ್ದು.

“ನಿಮ್ಮ ಕಾಕು ಇವತ್ತ ತಟ್ಟಿ ಖಾಲಿ ಮಾಡ್ಯಾಳೋ. ನಾ ಎತ್ತಿ ನೋಡೇನಿ, ಅಡಿಯಾಗೂ ಏನಿಲ್ಲ.”

ಹಿಂದಿನಿಂದ ಕಾಕುನ ಸಣ್ಣ ಧ್ವನಿ ಕೇಳಿಸಿತು.

“ತಡಿ, ಫೋನ್ ಇಡ್ತೀನಿ” ಎಂದರು ಕಾಕಾ. “ಇನ್ನರ್ಧ ರೊಟ್ಟಿ ಕೇಳಾಕತ್ತಾಳ.”