ಇಡೀ ಶಾಲೆಗೆ ಬಂದ ಹಲ್ಲುನೋವು

ಮೂರನೇ ಕ್ಲಾಸಿನ ಮೇಷ್ಟ್ರು ಜೀವಮಾನದಲ್ಲಿ ಹೇಳಿದ ಸುಳ್ಳುಗಳೆಲ್ಲ ಸಣ್ಣವು, ಅವರ ಸಂಬಳದ ಹಾಗೆ. ಆ ದಿನ ಬೆಳಿಗ್ಗೆ ಹೇಳಿದ್ದೂ ಅಂಥದ್ದೇ ಒಂದು: "ಹಲ್ಲುನೋವು ಟೀಚರ್. ಮಧ್ಯಾಹ್ನದ ಮೇಲೆ ರಜೆ ಬೇಕಾಗಿತ್ತು."

ಹಲ್ಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನೋವಿದ್ದದ್ದು ಬೇರೆ ಕಡೆ. ಬರುವ ವರ್ಷ ಒಂದನೇ ಕ್ಲಾಸನ್ನು ಇವರ ಕೊರಳಿಗೆ ಕಟ್ಟುತ್ತಾರೆಂದು ಸುದ್ದಿ ಹುಟ್ಟಿತ್ತು. ಒಂದನೇ ಕ್ಲಾಸೆಂದರೆ ಆ ಶಾಲೆಯಲ್ಲಿ ಯಾರೂ ಕೇಳಿ ಪಡೆಯುವ ವರವಲ್ಲ. ಒಬ್ಬನ ಮೂಗು ಒರೆಸುವಷ್ಟರಲ್ಲಿ ಇನ್ನೊಬ್ಬಳ ಲೇಸು ಬಿಚ್ಚಿರುತ್ತದೆ. ಲೇಸು ಕಟ್ಟಿ ತಲೆಯೆತ್ತುವಷ್ಟರಲ್ಲಿ ಮೂಲೆಯಲ್ಲಿ ಮತ್ತೊಬ್ಬನ ಚಡ್ಡಿ ಒದ್ದೆ. ಅಲ್ಲಿ ಪಾಠ ಮಾಡಿದವರು ವರ್ಷದ ಕೊನೆಗೆ ಮನೆಯಲ್ಲಿ ಬಚ್ಚಲಿಗೆ ಹೋಗುವಾಗಲೂ ಕಿರುಬೆರಳೆತ್ತಿ ಅಪ್ಪಣೆ ಕೇಳುತ್ತಾರಂತೆ. ಹಾಗಾಗಿ ಸೇತುವೆಯಾಚೆಯ ದೊಡ್ಡ ಶಾಲೆಯಲ್ಲಿ ಕೆಲವು ಕೆಲಸ ಖಾಲಿಯಿವೆ ಎಂದು ತಿಳಿದದ್ದೇ ತಡ, ಮೇಷ್ಟ್ರು ಬಲಗೈ ಮಾಡಿದ್ದು ಎಡಗೈಗೆ ತಿಳಿಯದ ಹಾಗೆ ಅರ್ಜಿ ಹಾಕಿದ್ದರು. ಇವತ್ತು ಮೂರು ಗಂಟೆಗೆ ಸಂದರ್ಶನ.

ಬೇರೆ ಶಾಲೆಯಾಗಿದ್ದರೆ "ಹೋಗಿ ಬನ್ನಿ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಇದು ಚರ್ಚಿನ ಹಿಂದಿನ ಪುಟ್ಟ ಶಾಲೆ. ಇದರ ಗೇಟಿನ ಮೇಲೆ ಶಾಲೆಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ನಾವೆಲ್ಲ ಒಂದೇ ಕುಟುಂಬ' ಎಂದು ಬರೆದಿದೆ. ಕುಟುಂಬವೆಂದ ಮೇಲೆ ಒಬ್ಬರ ಸಂಕಟ ಒಬ್ಬರದೇ ಆಗಿ ಉಳಿಯುವುದುಂಟೇ? ಇಲ್ಲಿ ಯಾರಿಗೆ ಏನೇ ಆದರೂ ಅದು ಬೆಳಗಿನ ಪ್ರಾರ್ಥನೆಯಲ್ಲಿ 'ಪ್ರಾರ್ಥನಾ ವಿಷಯ'ವಾಗಿ ಎಲ್ಲರ ಮುಂದೆ ಬರಲೇಬೇಕು. ಕಣ್ಣು ಬಿಟ್ಟು ಹೇಳಿದರೆ ಚಾಡಿ ಎನಿಸಿಕೊಳ್ಳುವಂಥದ್ದು, ಕಣ್ಣು ಮುಚ್ಚಿ ಹೇಳಿದರೆ ಪ್ರಾರ್ಥನೆ. ಹೋದ ತಿಂಗಳು ಹಾಡಿನ ಮೇಷ್ಟ್ರ ಮನೆಯ ಜಗಳವೂ ಹೀಗೆಯೇ ಕಣ್ಣು ಮುಚ್ಚಿದ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು.

"ಹಲ್ಲುನೋವಾ? ಯಾವ ಕಡೆ?" ಎಂದರು ಮುಖ್ಯೋಪಾಧ್ಯಾಯಿನಿ. ಶಾಲೆಯವರಿಗೆಲ್ಲ ಅವರು ದೊಡ್ಡ ಟೀಚರ್.

"ಬಲಗಡೆ," ಎಂದ ಮೇಷ್ಟ್ರ ಕೈ ಎಡಗೆನ್ನೆಯ ಮೇಲಿತ್ತು. ರಾತ್ರಿಯೆಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದರ ಫಲ ಅದು.

"ಅಯ್ಯೋ ದೇವರೇ! ಎರಡೂ ಕಡೆಗೆ ಹರಡಿಬಿಟ್ಟಿದೆ!"

ಗಂಟೆ ಹೊಡೆಯಿತು. ಮಕ್ಕಳು ಸಾಲಾಗಿ ನಿಂತರು. ಯಾಕೋ ಆ ದಿನ ಟೀಚರುಗಳೆಲ್ಲ ಇಸ್ತ್ರಿ ಮಾಡಿದ ಬಟ್ಟೆಯಲ್ಲಿದ್ದರು. ಹಾಡಿನ ಮೇಷ್ಟ್ರ ಬೂಟಿನಲ್ಲಿ ಮುಖ ಕಾಣುತ್ತಿತ್ತು. ಸಂದರ್ಶನಕ್ಕೆಂದು ತಾವು ಹಾಕಿಕೊಂಡು ಬಂದ ಹೊಸ ಅಂಗಿ ಇವರ ನಡುವೆ ಎದ್ದು ಕಾಣಲಿಲ್ಲವಲ್ಲ ಎಂದು ಮೇಷ್ಟ್ರು ಒಳಗೇ ದೇವರಿಗೆ ಸ್ತೋತ್ರ ಹೇಳಿಕೊಂಡರು.

ದೊಡ್ಡ ಟೀಚರ್ ಕಣ್ಣು ಮುಚ್ಚಿದರು. "ಕರ್ತನೇ, ನಮ್ಮ ಸಹೋದರನ ದವಡೆಯನ್ನ ನಿನ್ನ ಕೈಗೆ ಒಪ್ಪಿಸ್ತೀವಿ. ಸಿಹಿ ಕಂಡ್ರೆ ಬಿಡದ ಅವರ ನಾಲಿಗೆಯನ್ನ ಕ್ಷಮಿಸು. ರಾತ್ರಿ ಹಲ್ಲುಜ್ಜೋ ಬುದ್ಧಿಯನ್ನ ಅವರಿಗೂ, ಈ ಎಲ್ಲ ಮಕ್ಕಳಿಗೂ ಕೊಡು."

"ಆಮೆನ್!" ಎಂದು ಮಕ್ಕಳು ಸೂರು ಹಾರುವಂತೆ ಕೂಗಿದರು. ಸಿಹಿಯನ್ನೇ ಮುಟ್ಟದ ಮೇಷ್ಟ್ರು, ದವಡೆ ಹಿಡಿದುಕೊಂಡೇ ಪಾಪಿಯಾದರು.

ಪ್ರಾರ್ಥನೆ ಮುಗಿದ ಮೇಲೆ ಶುರುವಾಯಿತು ಕುಟುಂಬದ ಪ್ರೀತಿ. ಒಂದನೇ ಕ್ಲಾಸಿನ ಟೀಚರ್ ಲವಂಗ ತಂದು ಬಾಯಿಗೆ ತುರುಕಿದರು. ಹಾಡಿನ ಮೇಷ್ಟ್ರು ಉಪ್ಪುನೀರಿನ ಲೋಟ ಹಿಡಿದು, "ಮುಕ್ಕಳಿಸಿ ಸಾರ್, ನಮ್ಮ ಭಾವ ಹೀಗೇ ಅಲಕ್ಷ್ಯ ಮಾಡಿದ್ರು, ಕೊನೆಗೆ ಕಿವೀನೇ ಹೋಯ್ತು," ಎಂದರು.

"ಹಲ್ಲುನೋವಿಗೆ ಕಿವಿ ಹೋಯ್ತಾ?"

"ನಮ್ಮಕ್ಕ ದಿನಾ ಬೈತಿದ್ಲಲ್ಲ, ಅದಕ್ಕೇ ಹೋಗಿರಬೇಕು. ಆದ್ರೂ ಶುರುವಾಗಿದ್ದು ಹಲ್ಲಿಂದ."

ಗಂಟೆ ಹೊಡೆಯುವ ಆಯಾ ಬಿಸಿ ಬಟ್ಟೆ ತಂದು ಗಲ್ಲದಿಂದ ನೆತ್ತಿಯವರೆಗೆ ಸುತ್ತಿ ಮೇಲೊಂದು ಗಂಟು ಹಾಕಿದಳು. ಮೇಷ್ಟ್ರು ಈಗ ಕಿವಿ ಹಿಡಿದೆತ್ತಿದ ಮೊಲದ ಹಾಗೆ ಕಂಡರು. ತರಗತಿಯಲ್ಲಿ ಮಕ್ಕಳು ಗಣಿತ ಬಿಟ್ಟು ಅವರಿಗಾಗಿ ಚಿತ್ರ ಬರೆದರು. ಪ್ರತಿ ಚಿತ್ರದಲ್ಲೂ ಒಂದು ಹಲ್ಲು, ಹಲ್ಲಿನೊಳಗೆ ಕೊಂಬಿನ ಸೈತಾನ. ಒಂದರಲ್ಲಿ ಮಾತ್ರ ಸೈತಾನನಿಗೆ ಮೇಷ್ಟ್ರ ಕನ್ನಡಕವಿತ್ತು.

ಎಲ್ಲಕ್ಕಿಂತ ಮಿಗಿಲಾದ ದಾನ ಬಂದದ್ದು ಒಂದನೇ ಕ್ಲಾಸಿನ ಪುಟಾಣಿಯೊಬ್ಬಳಿಂದ. ಅವಳು ಬಾಗಿಲಲ್ಲಿ ನಿಂತು ಸೀಮೆಸುಣ್ಣದ ಡಬ್ಬಿ ಚಾಚಿದಳು. ಒಳಗೆ ಹತ್ತಿಯ ಮೇಲೆ ಅಕ್ಕಿಕಾಳಿನಂಥ ಒಂದು ಹಲ್ಲು.

"ನಂದು ಸಾರ್. ನಿನ್ನೆ ಬಿತ್ತು. ನಿಮ್ದು ಕಿತ್ರೆ ಇದನ್ನ ಹಾಕ್ಕೊಳ್ಳಿ."

"ನನಗೆ ಬೇಡಮ್ಮ, ನಿನ್ನ ಹತ್ರಾನೇ ಇಟ್ಕೋ."

"ತೊಳೆದಿದೀನಿ ಸಾರ್," ಎಂದಳು ಅವಳು ನೊಂದುಕೊಂಡು. ಮೇಷ್ಟ್ರು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. ಈ ಜನರನ್ನು ಬಿಟ್ಟು ಹೋಗುವುದು ಸರಿಯೇ ಎಂಬ ಯೋಚನೆ ಒಂದು ಗಳಿಗೆ ಬಂತು. ಆಗಲೇ ಒಂದನೇ ಕ್ಲಾಸಿನ ಕಡೆಯಿಂದ ಬೆಂಚು ಬಿದ್ದ ಸದ್ದು, ಮೂರು ದನಿಗಳ ಅಳು, ಟೀಚರ್ ಕಿರುಚಾಟ ಒಟ್ಟಿಗೇ ಕೇಳಿಬಂದವು. ಯೋಚನೆ ಬಂದ ದಾರಿಯಲ್ಲೇ ಹಿಂದಿರುಗಿತು.

ಊಟದ ಹೊತ್ತಾಯಿತು. ಸಂದರ್ಶನಕ್ಕೆ ಶಕ್ತಿಯಿರಲೆಂದು ಹೆಂಡತಿ ಡಬ್ಬಿಯಲ್ಲಿ ಹುರಿದ ಕೋಳಿ ಕಟ್ಟಿದ್ದಳು. ಮುಚ್ಚಳ ತೆಗೆಯುತ್ತಿದ್ದಂತೆ ದೊಡ್ಡ ಟೀಚರ್ ಡಬ್ಬಿ ಕಿತ್ತುಕೊಂಡರು.

"ಏನ್ರೀ ಇದು, ಈ ಸ್ಥಿತೀಲಿ ಮೂಳೆ ಕಡೀತೀರಾ? ಆಯಾ, ಇವರಿಗೆ ಹಾಲಲ್ಲಿ ಬ್ರೆಡ್ ನೆನೆಸಿ ಕೊಡು. ಇದು ಕೆಟ್ಟುಹೋಗೋದು ಬೇಡ, ನಾವೇ ಹೇಗಾದ್ರೂ ಮುಗಿಸ್ತೀವಿ."

ಹೇಗೋ ಏನು, ಬಹಳ ಚೆನ್ನಾಗಿಯೇ ಮುಗಿಸಿದರು. ತಮ್ಮ ಕೋಳಿಯ ಕಾಲು ಹಾಡಿನ ಮೇಷ್ಟ್ರ ಬಾಯಲ್ಲಿ ತಾಳ ಹಾಕುವುದನ್ನು ನೋಡುತ್ತ ಮೇಷ್ಟ್ರು ಹಾಲು ಬ್ರೆಡ್ಡು ನುಂಗಿದರು. ಕೊನೆಯ ತುಂಡು ಉಳಿದಾಗ ತಾಳ್ಮೆ ಸೋರಿಹೋಯಿತು. ತಲೆಯ ಬಟ್ಟೆ ಕಿತ್ತೆಸೆದು ಎದ್ದು ನಿಂತರು.

"ಟೀಚರ್, ನೋವು ಹೋಯ್ತು! ನಿಮ್ಮ ಪ್ರಾರ್ಥನೆ ಕೆಲಸ ಮಾಡ್ತು!"

"ಸ್ತೋತ್ರ! ಸ್ತೋತ್ರ!" ಎಂದು ದೊಡ್ಡ ಟೀಚರ್ ಕೈಯೆತ್ತಿದರು. ಯಾಕೋ ಉಳಿದವರ ಮುಖ ಸ್ವಲ್ಪ ಪೆಚ್ಚಾಯಿತು. "ಹಾಗಾದ್ರೆ ರಜೆ ಬೇಡವಲ್ಲ. ಮಧ್ಯಾಹ್ನ ನಾಲ್ಕನೇ ಕ್ಲಾಸನ್ನೂ ನೀವೇ ನೋಡ್ಕೊಳ್ಳಿ."

ಮೇಷ್ಟ್ರ ಕೈ ಕೋಳಿಯ ಹತ್ತಿರ ಹೋದದ್ದು ಅಲ್ಲಿಯೇ ನಿಂತಿತು. ಒಂದು ಕಡೆ ಕೋಳಿ, ಇನ್ನೊಂದು ಕಡೆ ಬಾಳು. ಅವರು ಬಾಳನ್ನೇ ಆರಿಸಿಕೊಂಡು ಕೆನ್ನೆ ಹಿಡಿದು ಕುಸಿದರು.

"ಅಯ್ಯಯ್ಯೋ! ತಿರುಗಿ ಬಂತು!"

"ಬಂತಾ?" ಎಂದ ಒಂದನೇ ಕ್ಲಾಸಿನ ಟೀಚರ್ ದನಿಯಲ್ಲಿ, ಹೇಳಬಾರದು, ಹರ್ಷವಿತ್ತು.

"ಹೋಗಿ ಬರೋ ನೋವು ಸಾಮಾನ್ಯದ್ದಲ್ಲ. ಇವರನ್ನ ಒಬ್ಬರೇ ಕಳಿಸಬಾರದು," ಎಂದರು ಹಾಡಿನ ಮೇಷ್ಟ್ರು.

"ನಾನೊಬ್ಬನೇ ಹೋಗ್ತೀನಿ ಸಾರ್, ನಿಮಗೆಲ್ಲ ಯಾಕೆ ತೊಂದ್ರೆ."

"ತೊಂದ್ರೆನಾ? ನಾವೇನು ಹೊರಗಿನವರಾ?" ದೊಡ್ಡ ಟೀಚರ್ ಗದರಿ, ದಂಡಯಾತ್ರೆಗೆ ಹೊರಟ ರಾಣಿಯಂತೆ ಅಪ್ಪಣೆ ಕೊಡತೊಡಗಿದರು. ಚರ್ಚಿನ ಪಾದ್ರಿಗಳು ತಮ್ಮ ಸ್ಕೂಟರಿನಲ್ಲಿ ಮೇಷ್ಟ್ರನ್ನು ಹಲ್ಲಿನ ಡಾಕ್ಟರ ಬಳಿಗೆ ಒಯ್ಯುವುದು. ಹಾಡಿನ ಮೇಷ್ಟ್ರು ಊರೆಲ್ಲ ಸುತ್ತಿ ಮಾತ್ರೆ ಹುಡುಕುವುದು. ಒಂದನೇ ಕ್ಲಾಸಿನ ಟೀಚರ್ ಮೇಷ್ಟ್ರ ಹೆಂಡತಿಗೆ ಧೈರ್ಯ ಹೇಳಲು ಹೋಗುವುದು. "ನಾನು ಚರ್ಚಲ್ಲಿ ಕೂತು ನಿಮಗೋಸ್ಕರ ಉಪವಾಸ ಪ್ರಾರ್ಥನೆ ಮಾಡ್ತೀನಿ," ಎಂದು ಕೋಳಿಯ ಕೊನೆಯ ತುಂಡನ್ನು ಬಾಯಿಗಿಟ್ಟುಕೊಂಡರು.

"ಮಕ್ಕಳು?" ಎಂದರು ಮೇಷ್ಟ್ರು.

"ಆಯಾ ಹಾಡು ಹೇಳಿಸ್ತಾಳೆ. ನೀವು ಮಾತಾಡ್ಬೇಡಿ, ಗಾಳಿ ಹೋಗುತ್ತೆ."

ಪಾದ್ರಿಗಳು ದೊಡ್ಡ ಮೈಯ, ದೊಡ್ಡ ಮನಸ್ಸಿನ ಮನುಷ್ಯರು. ಅವರ ಸ್ಕೂಟರು ಮಾತ್ರ ಎರಡನ್ನೂ ಹೊರಲಾರದೆ ನರಳುತ್ತಿತ್ತು. ಬೀದಿಯ ತಿರುವಿನಲ್ಲಿ ಅವರು ಸಾಂತ್ವನ ಹೇಳಲೆಂದು ಹಿಂದೆ ತಿರುಗಿದರು.

"ಧೈರ್ಯವಾಗಿರಿ ಮೇಷ್ಟ್ರೇ. ಈ ಲೋಕದಲ್ಲಿ ನೋವು ಅನ್ನೋದು..."

"ಅಯ್ಯನವರೇ, ಗುಂಡಿ!"

ಸ್ಕೂಟರು ಗುಂಡಿಗಿಳಿದು ಮೇಲೆದ್ದಿತು. ಮೇಷ್ಟ್ರ ಮುಖ ಮುಂದಕ್ಕೆ ನುಗ್ಗಿ ಪಾದ್ರಿಗಳ ಹೆಲ್ಮೆಟ್ಟಿಗೆ ಟಣ್ಣೆಂದು ಬಡಿಯಿತು. ಬೆಳಗಿನಿಂದ ಹೇಳಿದ ಸುಳ್ಳು ಆ ಕ್ಷಣದಲ್ಲಿ ಅಪ್ಪಟ ಸತ್ಯವಾಗಿ ಕಣ್ಣಲ್ಲಿ ನೀರು ತರಿಸಿತು.

"ಛೆ ಛೆ, ಅಷ್ಟು ನೋಯ್ತಾ ಇದೆಯಾ?" ಎಂದು ಪಾದ್ರಿಗಳು ಮರುಗಿ, ವೇಗ ಹೆಚ್ಚಿಸಿದರು.

ಹಲ್ಲಿನ ಡಾಕ್ಟರು ಚರ್ಚಿನ ಸಭೆಯವರೇ. ಬಾಯೊಳಗೆ ದೀಪ ಹಿಡಿದು, "ಹಿಂದಿನ ಹಲ್ಲೆಲ್ಲ ಚೆನ್ನಾಗಿದೆಯಲ್ಲ," ಎಂದರು. ಸುಳ್ಳು ಸಿಕ್ಕಿಬಿತ್ತೆಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಓಹೋ, ಇಲ್ಲಿದೆ ನೋಡಿ ಕಳ್ಳ! ಮುಂದಿನ ಹಲ್ಲು ಬುಡದಿಂದ್ಲೇ ಅಲ್ಲಾಡ್ತಿದೆ. ಇನ್ನು ಇದು ನಿಲ್ಲೋದಿಲ್ಲ."

ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ಸತ್ಯ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಹಲ್ಲು. ಪಾದ್ರಿಗಳು ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಪ್ರಾರ್ಥನೆಗೆ ತೊಡಗಿದ್ದರಿಂದ ಓಡುವ ದಾರಿಯೂ ಇರಲಿಲ್ಲ. 'ಆಮೆನ್' ಎಂಬುದಕ್ಕೂ ಹಲ್ಲು ಬಟ್ಟಲಿಗೆ ಬೀಳುವುದಕ್ಕೂ ಸರಿಹೋಯಿತು.

ಹೊರಗೆ ಬಂದ ಮೇಲೆ ಪಾದ್ರಿಗಳು ಗಡಿಯಾರ ನೋಡಿ ಚಡಪಡಿಸಿದರು. "ಮೇಷ್ಟ್ರೇ, ಇಲ್ಲಿಂದ ನಿಮ್ಮ ಮನೆ ಹತ್ತಿರ ಅಲ್ವಾ? ನಡೆದುಬಿಡಿ. ನನಗೊಂದು ಅರ್ಜೆಂಟ್ ಕರೆ ಬಂದಿದೆ. ದೇವರ ಕೆಲಸ."

ಮೇಷ್ಟ್ರು ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದರು. ಸ್ಕೂಟರು ಮರೆಯಾದದ್ದೇ ತಡ, ತಿರುಗಿ ಸೇತುವೆಯ ಕಡೆ ಓಟ ಕಿತ್ತರು. ಜೋಮು ಹಿಡಿದ ಮೇಲ್ತುಟಿ ಬೇರೆ ಯಾರದೋ ತುಟಿಯನ್ನು ಸಾಲ ತಂದು ಅಂಟಿಸಿದಂತಿತ್ತು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದರು: "ನಮಫ್ಕಾರ ಫಾರ್." ಮಾತಿನ ಜೊತೆಗೆ ಹಲ್ಲಿನ ಸಂದಿಯಿಂದ ಸಣ್ಣ ಸೀಟಿಯೂ ಬರುತ್ತಿತ್ತು. ಆದರೂ ಹಲ್ಲು ಕೊಟ್ಟಾದರೂ ಒಂದನೇ ಕ್ಲಾಸಿನಿಂದ ಪಾರಾದರೆ ಲಾಭವೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡರು.

ದೊಡ್ಡ ಶಾಲೆಯ ಮೆಟ್ಟಿಲು ಹತ್ತಿ, ನುಣುಪು ನೆಲದ ಮೇಲೆ ಜಾರುತ್ತ, ಸಂದರ್ಶನದ ಕೋಣೆಯ ಮುಂದಿನ ಉದ್ದ ಬೆಂಚಿನ ಹತ್ತಿರ ಬಂದು ನಿಂತರು. ನಿಂತವರು ನಿಂತೇ ಇದ್ದರು.

ಬೆಂಚಿನ ಮೇಲೆ ಹಾಡಿನ ಮೇಷ್ಟ್ರು ಕೂತಿದ್ದರು, ಫ್ಯಾನಿನ ಸದ್ದು ಯಾವ ರಾಗವೆಂದು ಪತ್ತೆ ಹಚ್ಚುವವರ ಹಾಗೆ ಛಾವಣಿ ನೋಡುತ್ತ. ಅವರ ಪಕ್ಕದಲ್ಲಿ ಒಂದನೇ ಕ್ಲಾಸಿನ ಟೀಚರ್, ಸೆರಗಿನ ಅಂಚನ್ನು ಮಡಿಸುತ್ತ, ಬಿಚ್ಚುತ್ತ. ಅವರಾಚೆ, ವಾರ್ಷಿಕೋತ್ಸವದ ದಿನ ಮಾತ್ರ ಉಡುವ ಸೀರೆಯಲ್ಲಿ, ಉಪವಾಸ ಪ್ರಾರ್ಥನೆಯ ದೊಡ್ಡ ಟೀಚರ್.

ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಕುಟುಂಬದಲ್ಲಿ ಕೆಲವು ಮಾತು ಕೇಳಬಾರದು. ದೊಡ್ಡ ಟೀಚರ್ ಸ್ವಲ್ಪ ಸರಿದು ಜಾಗ ಮಾಡಿದರು. ಮೇಷ್ಟ್ರು ಕೂತರು.

ದೊಡ್ಡ ಟೀಚರ್ ಮೆಲ್ಲಗೆ, "ಹಲ್ಲು?" ಎಂದರು.

"ಕಿತ್ರು," ಎಂದು ಮೇಷ್ಟ್ರು ಸೀಟಿ ಹಾಕಿದರು.

"ನಿಜವಾಗ್ಲೂ ನೋವಿತ್ತಾ?" ಹಾಡಿನ ಮೇಷ್ಟ್ರ ದನಿಯಲ್ಲಿ ಅಪ್ಪಟ ಆಶ್ಚರ್ಯವಿತ್ತು.

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ನೀತಿಪಾಠದ ಹುದ್ದೆಯ ಸಂದರ್ಶನ ಮುಗಿಸಿ, ಹಣೆಯ ಬೆವರೊರೆಸಿಕೊಳ್ಳುತ್ತ, ಪಾದ್ರಿಗಳು ಹೊರಗೆ ಬಂದರು. ಬೆಂಚಿನತ್ತ ನೋಡಿದರು. ಕಣ್ಣು ಮುಚ್ಚಿದರು. ಬಿಟ್ಟಾಗ ಎಲ್ಲರೂ ಅಲ್ಲಿಯೇ ಇದ್ದುದರಿಂದ, ತಾವೂ ಬೆಂಚಿನ ತುದಿಯಲ್ಲಿ ಕೂತರು.

ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಸಂಜೆಗೆ ಅಲ್ಲಿನ ಆಡಳಿತದವರು ಹೊರಗೆ ಬಂದು ಕೈ ಮುಗಿದರು.

"ಈಗಿನ ಶಾಲೆ ಹೇಗಿದೆ ಅಂತ ನಿಮ್ಮೆಲ್ಲರನ್ನೂ ಕೇಳಿದ್ವಿ. ಒಬ್ಬರೂ ತಪ್ಪದೆ ಎಲ್ಲರೂ 'ನಾವೆಲ್ಲ ಒಂದೇ ಕುಟುಂಬ' ಅಂದ್ರಿ. ನಮ್ಮ ಕಣ್ಣಲ್ಲಿ ನೀರು ಬಂತು. ಅಂಥ ಕುಟುಂಬವನ್ನ ಒಡೆಯೋ ಪಾಪ ನಮಗೆ ಬೇಡ. ಹೋಗಿ ಬನ್ನಿ."

ಮರುದಿನ ಬೆಳಿಗ್ಗೆ ಗಂಟೆ ಹೊಡೆಯಿತು. ಹಿಂದಿನ ಮಧ್ಯಾಹ್ನದ ವಿಷಯ ಯಾರೂ ಎತ್ತಲಿಲ್ಲ. ಅದು ಆ ಶಾಲೆಯ ಚರಿತ್ರೆಯಲ್ಲೇ ಪ್ರಾರ್ಥನಾ ವಿಷಯವಾಗದೆ ಉಳಿದ ಮೊದಲ ವಿಷಯ. ದೊಡ್ಡ ಟೀಚರ್ ಸಹೋದರನ ದವಡೆಗಾಗಿ ಸ್ತೋತ್ರ ಸಲ್ಲಿಸಿದರು. ಮೇಷ್ಟ್ರು ಒಂದು ಕಣ್ಣು ತೆರೆದು ನೋಡಿದರೆ, ಹಾಡಿನ ಮೇಷ್ಟ್ರೂ ಒಂದನೇ ಕ್ಲಾಸಿನ ಟೀಚರೂ ಒಂದೊಂದು ಕಣ್ಣು ತೆರೆದು ಇವರನ್ನೇ ನೋಡುತ್ತಿದ್ದರು.

"ಆಮೆನ್," ಎಂದು ಮೇಷ್ಟ್ರು ಬಾಯಿ ತೆರೆದರು.

ಮುಂದಿನ ಸಾಲಿನಲ್ಲಿ ನಿಂತ ಒಂದನೇ ಕ್ಲಾಸು ಆ ಬಾಯೊಳಗಿನ ಖಾಲಿ ಜಾಗವನ್ನು ನೋಡಿತು. ಆಮೇಲೆ ಡಬ್ಬಿ ಕೊಟ್ಟ ಪುಟಾಣಿ ಕುಣಿದಾಡಿದಳು.

"ನೋಡ್ರೋ! ಸಾರ್ ನಮ್ ತರಾನೇ!"

ನಲವತ್ತು ಬೊಚ್ಚು ಬಾಯಿಗಳು ಒಟ್ಟಿಗೆ ನಕ್ಕವು. ಸಾಲು ಚದುರಿ ಮಕ್ಕಳೆಲ್ಲ ಮೇಷ್ಟ್ರನ್ನು ಮುತ್ತಿಕೊಂಡರು. ಒಬ್ಬ ಕೈಗೆ ಜೋತುಬಿದ್ದ, ಇನ್ನೊಬ್ಬ ನಿನ್ನೆಯ ಹೊಸ ಅಂಗಿಗೆ ಮೂಗೊರೆಸಿದ. ಮೂರನೆಯವನು ತನ್ನ ಅಲ್ಲಾಡುವ ಹಲ್ಲನ್ನು ಮುಟ್ಟಿ ನೋಡಲು ಹೇಳಿ ಬಾಯಿ ತೆರೆದು ನಿಂತ.

ದೊಡ್ಡ ಟೀಚರ್ ಆ ನೋಟವನ್ನು ಕಣ್ತುಂಬ ನೋಡಿದರು. ಅವರ ಮುಖದ ಮೇಲೆ ಹರಡಿದ ಪ್ರೇರಣೆಯ ಬೆಳಕು ಕಂಡು ಮೇಷ್ಟ್ರ ಉಳಿದ ಹಲ್ಲುಗಳೆಲ್ಲ ಒಟ್ಟಿಗೆ ನೋಯತೊಡಗಿದವು.

"ಮಕ್ಕಳು ತಮ್ಮವರನ್ನ ತಾವೇ ಆರಿಸಿಕೊಂಡಿದಾರೆ. ಬರೋ ವರ್ಷದವರೆಗೆ ಯಾಕೆ ಕಾಯೋದು ಮೇಷ್ಟ್ರೇ? ಒಂದನೇ ಕ್ಲಾಸು ಇವತ್ತಿಂದ್ಲೇ ನಿಮ್ಮದು."

"ಸ್ತೋತ್ರ!" ಎಂದರು ಒಂದನೇ ಕ್ಲಾಸಿನ ಟೀಚರ್, ಆ ದಿನದ ಅತ್ಯಂತ ಪ್ರಾಮಾಣಿಕ ಪ್ರಾರ್ಥನೆಯಾಗಿ.

ಪುಟಾಣಿ ಮೇಷ್ಟ್ರ ಜೇಬಿಗೆ ಕೈ ಹಾಕಿ ಸೀಮೆಸುಣ್ಣದ ಡಬ್ಬಿ ತೆಗೆದಳು. ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು, ತುದಿಗಾಲಲ್ಲಿ ನಿಂತಳು.

"ಬಗ್ಗಿ ಸಾರ್, ಈಗ ಜಾಗ ಆಯ್ತಲ್ಲ."

ಮೇಷ್ಟ್ರು ಬಗ್ಗಿದರು.